ಚಳಿಗಾಲದಲ್ಲಿ ಕಾಲುವೆ ದೋಣಿಯ ಸಂಸಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಕಾಲುವೆಗಳಲ್ಲಿ ನಾನೂ ನನ್ನ ಹೆಂಡತಿಯೂ ದೋಣಿಯನ್ನೇ ಮನೆ ಮಾಡಿಕೊಂಡಿದ್ದೇವೆ. ಅಕ್ಟೋಬರ್ ಕಳೆಯುತ್ತಿದ್ದಂತೆ ಊರಿನ ನೆಂಟರು, ಇಲ್ಲಿನ ಕನ್ನಡದ ಗೆಳೆಯರು, ದಡದ ಮೇಲೆ ವಾಕಿಂಗ್ ಬರುವ ಅಪರಿಚಿತರು ಎಲ್ಲರೂ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನಿಟ್ಟು ಉತ್ತರ ಬರೆದಿದ್ದೇನೆ. ಬರೀ ಕುತೂಹಲ ಇರುವವರಿಗೆ ಮೊದಲ ಭಾಗ ಸಾಕು. ದೋಣಿ ಕೊಳ್ಳುವ ಯೋಚನೆ ಇದ್ದರೆ ಬೆಂಕಿ ಮತ್ತು ಗಾಳಿಯ ಭಾಗವನ್ನು ದಯವಿಟ್ಟು ಬಿಡದೆ ಓದಿ.

## ಮೊದಲು ಕೇಳುವವು

ನೀವಿರೋದು ಕೇರಳದ ಹೌಸ್‌ಬೋಟ್ ಥರದ್ದಾ?

ಅಲ್ಲ. ಕೇರಳದ್ದು ಅಗಲವಾದ, ಬಿದಿರು ಚಾಪೆಯ ಮಾಡಿನ, ಗಾಳಿಯಾಡುವ ದೋಣಿ. ನಮ್ಮದು ಉಕ್ಕಿನದು. ಇದಕ್ಕೆ ಇಲ್ಲಿ ನ್ಯಾರೋಬೋಟ್ ಎನ್ನುತ್ತಾರೆ. ಅಗಲ 6 ಅಡಿ 10 ಅಂಗುಲ, ನಮ್ಮ ದೋಣಿಯ ಉದ್ದ 57 ಅಡಿ. ಒಳಗೆ ರೈಲುಬೋಗಿಯ ಹಾಗೆ ಒಂದರ ಹಿಂದೊಂದು: ಮುಂದೆ ಒಲೆ ಮತ್ತು ಕೂರುವ ಜಾಗ, ಆಮೇಲೆ ಅಡುಗೆಮನೆ, ಬಚ್ಚಲು, ಕೊನೆಯಲ್ಲಿ ಮಂಚ, ಅದರ ಹಿಂದೆ ಎಂಜಿನ್.

ಈ ಅಳತೆಯನ್ನು ನಿರ್ಧರಿಸಿದ್ದು ಲಾಕ್‌ಗಳು. ನೀರಿನ ಮಟ್ಟ ಬದಲಾಗುವ ಕಡೆ ದೋಣಿಯನ್ನು ಏರಿಸಿ ಇಳಿಸುವ, ಎರಡೂ ತುದಿಗೆ ಬಾಗಿಲಿರುವ ತೊಟ್ಟಿಗೆ ಲಾಕ್ ಎಂದು ಹೆಸರು. 18ನೇ ಶತಮಾನದಲ್ಲಿ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಮಧ್ಯ ಇಂಗ್ಲೆಂಡಿನ ಕಾಲುವೆಗಳಿಗೆ ಸುಮಾರು 7 ಅಡಿ ಅಗಲದ ಲಾಕ್‌ಗಳನ್ನು ಕಟ್ಟಿಸಿದ. ಅಂದಿನಿಂದ ದೋಣಿಗಳು ಆ ಅಗಲದೊಳಗೇ ಬದುಕುತ್ತಿವೆ. ಉದ್ದ 57 ಅಡಿ ಇದ್ದರೆ ಯಾರ್ಕ್‌ಷೈರ್ ಕಡೆಯ ಗಿಡ್ಡ ಲಾಕ್‌ಗಳಲ್ಲೂ ನುಗ್ಗಬಹುದು, ದೇಶದ ಹೆಚ್ಚಿನ ಕಾಲುವೆಗಳು ತೆರೆದುಕೊಳ್ಳುತ್ತವೆ.

ಚಳಿ ತಡೆಯೋಕಾಗುತ್ತೇನೋ? ಬೆಂಗಳೂರಿನ ಡಿಸೆಂಬರಿಗೇ ನಮಗೆ ಸ್ವೆಟರ್ ಬೇಕು.

ದೊಡ್ಡಮ್ಮ ಪ್ರತಿ ವರ್ಷ ಕೇಳುತ್ತಾರೆ. ಉತ್ತರ ಕೇಳಿ ಅವರಿಗೆ ಪ್ರತಿ ವರ್ಷವೂ ಆಶ್ಚರ್ಯ. ಒಲೆ ಉರಿಯುತ್ತಿದ್ದರೆ ದೋಣಿಯ ಮುಂಭಾಗದಲ್ಲಿ ಅಂಗಿ ತೋಳು ಮಡಚಿ ಕೂರುವಷ್ಟು ಸೆಕೆ. ಜಾಗ ಚಿಕ್ಕದು, ಮಾಡು ತಗ್ಗು, ಉಕ್ಕಿನ ಒಳಮೈಗೆ ಫೋಮ್ ಬಳಿದಿರುತ್ತಾರೆ, ಹಾಗಾಗಿ ಕಡಿಮೆ ಬೆಂಕಿಗೇ ಬಿಸಿಯಾಗುತ್ತದೆ. ತೊಂದರೆ ಎಂದರೆ ಆ ಬಿಸಿ ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ. ತಲೆಯ ಹತ್ತಿರ ಬೆಚ್ಚಗೆ, ಪಾದದ ಹತ್ತಿರ ಥಂಡಿ. ಕೂರುವ ಜಾಗ ಬಿಸಿ, ಹಿಂದಿನ ಮಂಚದ ಕೋಣೆ ತಣ್ಣಗೆ. ಕೆಳಗೆ ಬರೀ ನೀರು ತಾನೆ. ದಪ್ಪ ಉಣ್ಣೆಯ ಕಾಲುಚೀಲವೂ ಒಲೆಯ ಮೇಲಿಡುವ ಚಿಕ್ಕ ಫ್ಯಾನೂ ಇದನ್ನು ಅರ್ಧ ಸರಿಮಾಡುತ್ತವೆ. ಆ ಫ್ಯಾನಿಗೆ ಕರೆಂಟು ಬೇಡ, ಒಲೆಯ ಶಾಖದಿಂದಲೇ ತಿರುಗಿ ಬಿಸಿಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ.

ನಾನು ಎಲ್ಲರಿಗೂ ಒತ್ತಿ ಹೇಳುವ ಮಾತೊಂದಿದೆ. ಇಲ್ಲಿ ಚಳಿಯನ್ನು ಕಲ್ಲಿದ್ದಲು ಕೊಂಡು ಓಡಿಸಬಹುದು. ತೇವವನ್ನು ಹಾಗೆ ಓಡಿಸಲಾಗದು. ದೋಣಿಯ ಚಳಿಗಾಲ ಎಂದರೆ ನಾಲ್ಕು ತಿಂಗಳು ಗಾಳಿಯನ್ನೂ ತೇವವನ್ನೂ ನೋಡಿಕೊಳ್ಳುವ ಕೆಲಸ.

ಇಷ್ಟೆಲ್ಲ ಪಾಡು ಯಾಕೆ? ಬಾಡಿಗೆ ಮನೆ ಸಿಗಲಿಲ್ವಾ?

ಲಂಡನ್ ಸುತ್ತಮುತ್ತ ಬಾಡಿಗೆ ಕಟ್ಟಿದವರಿಗೆ ಅರ್ಧ ಉತ್ತರ ಗೊತ್ತು. ನಮ್ಮ ಅಕ್ಕಪಕ್ಕದ ದೋಣಿಗಳಲ್ಲಿ ನರ್ಸುಗಳಿದ್ದಾರೆ, ಶಾಲೆಯ ಮೇಷ್ಟ್ರುಗಳಿದ್ದಾರೆ, ಬಡಗಿಗಳಿದ್ದಾರೆ, ಪಿಂಚಣಿಯಲ್ಲಿ ಒಂಟಿಯಾಗಿ ಬದುಕುವ ಹಿರಿಯರಿದ್ದಾರೆ. ಹಲವರಿಗೆ ಊರಿನೊಳಗೆ ಸ್ವಂತ ಸೂರು ಎಂದರೆ ದೋಣಿ ಮಾತ್ರ. ಅದನ್ನು ಬರೀ ಶೋಕಿ ಎಂದು ಯಾರಾದರೂ ಅಂದರೆ ನನಗೆ ನೋವಾಗುತ್ತದೆ. ಮನೆಯಾಗಿ ಇದು ಅಗ್ಗವಾಗಿಯೇ ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ. ಲೈಸೆನ್ಸ್ ಶುಲ್ಕ ಏರುತ್ತಲೇ ಇದೆ. ಕಾಯಂ ಕಟ್ಟುವ ಜಾಗವಿಲ್ಲದ ದೋಣಿಗಳ ಮೇಲೆ 2024ರ ಏಪ್ರಿಲ್‌ನಿಂದ ಹೆಚ್ಚುವರಿ ಶುಲ್ಕವನ್ನೂ ಹಾಕಿದ್ದಾರೆ.

ಇನ್ನರ್ಧ ಉತ್ತರ ಸರಳ: ನಮಗೆ ಇಷ್ಟ.

ಒಂದೇ ಕಡೆ ಕಟ್ಟಿ ಹಾಕಬಾರದಾ? ಚಳೀಲೂ ಯಾಕೆ ಊರೂರು ಸುತ್ತೋದು?

ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 2000 ಮೈಲಿ ಜಲಮಾರ್ಗವನ್ನು ನೋಡಿಕೊಳ್ಳುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್. ಸರ್ಕಾರಿ ಸಂಸ್ಥೆಯಾಗಿದ್ದ ಬ್ರಿಟಿಷ್ ವಾಟರ್‌ವೇಸ್‌ನ ಕೆಲಸ 2012ರಲ್ಲಿ ಈ ಟ್ರಸ್ಟ್‌ಗೆ ಬಂತು. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯ ಪ್ರಕಾರ ಕಾಯಂ ಜಾಗ ಇಲ್ಲದ ದೋಣಿ ಸಂಚಾರದಲ್ಲಿರಬೇಕು. ಒಂದೆಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ತಕ್ಕ ಕಾರಣ ಇದ್ದರೆ ಮಾತ್ರ ಸಡಿಲಿಕೆ. ಕಾಲುವೆ ಹೆಪ್ಪುಗಟ್ಟಿದರೆ, ಕಾಯಿಲೆ ಬಿದ್ದರೆ, ಎಂಜಿನ್ ಕೆಟ್ಟರೆ ಟ್ರಸ್ಟ್‌ಗೆ ತಿಳಿಸಿ ನಿಲ್ಲಬಹುದು. ಸಮಯಕ್ಕೆ ತಿಳಿಸುವುದು ಮುಖ್ಯ.

ಓಡಾಟ ಬೇಡ ಎನ್ನುವವರಿಗೆ ಚಳಿಗಾಲದ ತಂಗುದಾಣಗಳಿವೆ. ದುಡ್ಡು ಕಟ್ಟಿದರೆ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಒಂದೇ ಜಾಗದಲ್ಲಿ ಇರಬಹುದು. ನಮ್ಮ ರಾಜ್ಯೋತ್ಸವದ ದಿನವೇ ಶುರುವಾಗುವುದರಿಂದ ತಾರೀಖು ನನಗೆ ಮರೆಯುವುದೇ ಇಲ್ಲ.

ಕೇಳೋಕೆ ಮುಜುಗರ, ಆದ್ರೂ ಕೇಳ್ತೀನಿ. ಸ್ನಾನ, ಕಕ್ಕಸು ಎಲ್ಲ?

ಮುಜುಗರ ಬೇಡ, ಎಲ್ಲರೂ ಕೇಳುವುದೇ. ಸ್ನಾನಕ್ಕೆ ಶವರ್ ಇದೆ. ಎಂಜಿನ್ ಓಡಿದಾಗ ಅದರ ಶಾಖದಿಂದಲೇ ಒಂದು ಟ್ಯಾಂಕ್ ನೀರು ಕಾಯುತ್ತದೆ. ಮೈ ನೆನೆಸಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನಲ್ಲಿ ಬಿಡುತ್ತೇವೆ. ಊರಲ್ಲಿ ಬಕೆಟ್ಟು ಚೊಂಬಿನ ಸ್ನಾನ ಮಾಡಿ ಬೆಳೆದವರಿಗೆ ಇದರಲ್ಲಿ ಕಲಿಯುವುದು ಏನೂ ಇಲ್ಲ.

ಕಕ್ಕಸಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಮಂಚದ ಕೆಳಗೋ ಪಕ್ಕದಲ್ಲೋ ದೊಡ್ಡ ಟ್ಯಾಂಕ್ ಇರುತ್ತದೆ, ಅದು ತುಂಬಿದಾಗ ದೋಣಿಯನ್ನೇ ಪಂಪ್ ಇರುವ ಕಡೆಗೆ ಒಯ್ಯಬೇಕು. ಇನ್ನೊಂದರಲ್ಲಿ ಹಿಡಿಕೆಯುಳ್ಳ ಚಿಕ್ಕ ಪೆಟ್ಟಿಗೆ, ತುಂಬಿದಾಗ ಕೈಯಲ್ಲೇ ಒಯ್ದು ಕಾಲುವೆ ಬದಿಯ ನಿಗದಿತ ಜಾಗದಲ್ಲಿ ಸುರಿದು ತೊಳೆಯಬೇಕು. ಬೇಸಿಗೆಯಲ್ಲಿ ಮೊದಲನೆಯದು ಹಿತ. ಚಳಿಗಾಲದಲ್ಲಿ ನನ್ನ ಓಟು ಎರಡನೆಯದಕ್ಕೆ. ಸುತ್ತ ಮಂಜುಗಡ್ಡೆ ಕಟ್ಟಿ ದೋಣಿ ಕದಲದಿದ್ದರೂ ಪೆಟ್ಟಿಗೆಯನ್ನು ತಳ್ಳುಗಾಡಿಯಲ್ಲಿಟ್ಟು ನಡೆದು ಹೋಗಬಹುದು.

ಆ ಚಳೀಲಿ ದೋಸೆ ಹಿಟ್ಟು ಹುಳಿ ಬರುತ್ತಾ?

ಬರುತ್ತದೆ, ನೆಲದ ಮೇಲಿನ ಇಂಗ್ಲಿಷ್ ಮನೆಗಳಿಗಿಂತ ಚೆನ್ನಾಗಿ ಬರುತ್ತದೆ. ರಾತ್ರಿಯಿಡೀ ಸಣ್ಣಗೆ ಉರಿಯುವ ಒಲೆ ಇದ್ದ ಮೇಲೆ ಹಿಟ್ಟಿಗೆ ಬೇಕಾದ ಬೆಚ್ಚನೆಯ ಜಾಗ ಹುಡುಕುವುದೇನೂ ಕಷ್ಟವಿಲ್ಲ. ಒಲೆಯ ಮೇಲೆ ಇಡಬಾರದು, ಬೆಂದುಬಿಡುತ್ತದೆ. ಪಕ್ಕದ ಗೋಡೆಯ ಶೆಲ್ಫಿನಲ್ಲಿ, ಮಾಡಿನ ಹತ್ತಿರ ಇಟ್ಟರೆ ಬೆಳಗ್ಗೆಗೆ ಪಾತ್ರೆಯಂಚಿಗೆ ಉಬ್ಬಿರುತ್ತದೆ. ಕಬ್ಬಿಣದ ಹೆಂಚನ್ನು ಒಲೆಯ ತಲೆಯ ಮೇಲೇ ಕಾಯಿಸಿ ರೊಟ್ಟಿ ಸುಡಬಹುದು. ಸಾರು ಇಳಿಮಧ್ಯಾಹ್ನದವರೆಗೆ ಅಲ್ಲೇ ಬಿಸಿಯಾಗಿರುತ್ತದೆ. ಫ್ರಿಜ್ ಅನ್ನು ಡಿಸೆಂಬರಿನಲ್ಲಿ ಆರಿಸಿಬಿಡುತ್ತೇವೆ, ಹಾಲು ಮೊಸರು ಮುಂದಿನ ಕಟ್ಟೆಯ ಪೆಟ್ಟಿಗೆಯಲ್ಲೇ ತಣ್ಣಗಿರುತ್ತವೆ. ಒಗ್ಗರಣೆ ಹಾಕುವಾಗ ಮಾತ್ರ ಮೊದಲು ಪಕ್ಕದ ಬಾಗಿಲು ತೆರೆಯಬೇಕು, ಇಲ್ಲದಿದ್ದರೆ ಮೆಣಸಿನಕಾಯಿಯ ಘಾಟು 57 ಅಡಿಯೂ ತುಂಬುತ್ತದೆ.

## ಬೆಂಕಿ, ಗಾಳಿ, ತೇವ

ರಾತ್ರಿ ಒಲೆ ಆರಿಹೋದ್ರೆ ಏನು ಗತಿ?

ಬೆಳಗ್ಗೆ ಉಸಿರು ಹೊಗೆಯಾಗಿ ಕಾಣುವಷ್ಟು ತಣ್ಣಗಾಗಿರುತ್ತದೆ. ಅಷ್ಟೇ, ಅಪಾಯವೇನಿಲ್ಲ. ಆದರೂ ಆರದಂತೆ ನೋಡಿಕೊಳ್ಳುವುದು ಇಲ್ಲಿನ ಮುಖ್ಯ ವಿದ್ಯೆ. ಮಲಗುವ ಮುಂಚೆ ಜಾಲರಿ ಅಲ್ಲಾಡಿಸಿ ಬೂದಿ ಉದುರಿಸುತ್ತೇವೆ. ಕೆಂಡದ ಮೇಲೆ ಹೊಗೆರಹಿತ ಕಲ್ಲಿದ್ದಲಿನ ಉಂಡೆಗಳನ್ನು ತುಂಬಿ, ಅವು ಚೆನ್ನಾಗಿ ಹತ್ತಿಕೊಳ್ಳುವವರೆಗೆ ಕೆಳಗಿನ ಗಾಳಿಕಿಂಡಿ ತೆರೆದಿಟ್ಟು, ಆಮೇಲೆ ತುಸುವೇ ತುಸು ಬಿಟ್ಟು ಮುಚ್ಚುತ್ತೇವೆ. ಬೆಳಗ್ಗೆ ಕಿಂಡಿ ತೆರೆದರೆ ಒಳಗೆ ಕೆಂಪು ಕಾಣುತ್ತದೆ. ಪ್ರತಿ ಒಲೆಗೂ ಅದರದೇ ಸ್ವಭಾವ, ಪ್ರತಿ ಗಾಳಿಗೂ ಬೇರೆ ಲೆಕ್ಕ. ಒಂದು ಚಳಿಗಾಲ ಒಟ್ಟಿಗೆ ಕಳೆದರೆ ಕೈಗೆ ತಾನಾಗಿ ಹತ್ತುತ್ತದೆ.

ದಡದಲ್ಲಿ ಅಷ್ಟೊಂದು ಮರ ಇದೆ, ಸೌದೆ ಸಾಕಲ್ವಾ?

ಹಗಲಿಗೆ ಸೌದೆ ಚೆಂದ. ಬೇಗ ಹತ್ತುತ್ತದೆ, ಬೇಗ ಬಿಸಿ ಕೊಡುತ್ತದೆ, ಅಷ್ಟೇ ಬೇಗ ಬೂದಿಯಾಗುತ್ತದೆ. ರಾತ್ರಿ ತಾಳುವುದು ಕಲ್ಲಿದ್ದಲೇ. ಬಿದ್ದ ಕೊಂಬೆ ತಂದು ಅವತ್ತೇ ಉರಿಸುವ ಆಸೆ ಬೇಡ. ಹಸಿ ಸೌದೆಯ ಶಾಖವೆಲ್ಲ ಅದರೊಳಗಿನ ನೀರನ್ನು ಆವಿ ಮಾಡುವುದರಲ್ಲೇ ಮುಗಿಯುತ್ತದೆ. ಹೊಗೆ ತಣ್ಣಗಾಗಿ ಚಿಮಣಿಯೊಳಗೆ ಟಾರಿನಂತೆ ಕಟ್ಟುತ್ತದೆ, ಆ ಟಾರೇ ಒಂದು ದಿನ ಚಿಮಣಿಗೆ ಬೆಂಕಿ ಹತ್ತಿಸಬಹುದು. ಸೌದೆಯನ್ನು ಸೀಳಿ ಒಂದೆರಡು ವರ್ಷ ಒಣಗಿಸಬೇಕು. ಇಂಗ್ಲೆಂಡಿನಲ್ಲಿ ಚಿಕ್ಕ ಪ್ರಮಾಣದಲ್ಲಿ ಮಾರುವ ಸೌದೆಯ ತೇವಾಂಶ ಶೇ. 20 ಮೀರಬಾರದೆಂಬ ನಿಯಮವಿದೆ. ಕರಿಹೊಗೆ ಕಾರುವ ಹಳೆಯ ಬಗೆಯ ಕಲ್ಲಿದ್ದಲನ್ನು ಚೀಲದಲ್ಲಿ ಮಾರುವುದು 2021ರ ಮೇ ತಿಂಗಳಿಂದ, ಬಿಡಿಯಾಗಿ ಮಾರುವುದು 2023ರ ಮೇ ತಿಂಗಳಿಂದ ನಿಂತಿದೆ.

ಕಲ್ಲಿದ್ದಲನ್ನು ಹೊತ್ತು ತರುವ ಕಷ್ಟವೂ ಇಲ್ಲ. ಇಂಧನದ ದೋಣಿಗಳೇ ಮನೆ ಬಾಗಿಲಿಗೆ ಬರುತ್ತವೆ. ಕಲ್ಲಿದ್ದಲಿನ ಚೀಲ, ಡೀಸೆಲ್, ಗ್ಯಾಸ್ ಸಿಲಿಂಡರ್ ತುಂಬಿಕೊಂಡು ಕಾಲುವೆಯುದ್ದಕ್ಕೂ ಮಾರುತ್ತಾ ಹೋಗುವ ಇವರಲ್ಲಿ ಕೆಲವರ ದೋಣಿಗಳು ಹಿಂದೆ ಸರಕು ಸಾಗಿಸುತ್ತಿದ್ದ ಹಳೆಯ ದೋಣಿಗಳೇ. ಜನವರಿಯ ಮಧ್ಯದಲ್ಲಿ ಆ ಎಂಜಿನ್ನಿನ ಸದ್ದು ಕೇಳಿದಾಗ ದಡದುದ್ದಕ್ಕೂ ಬಾಗಿಲುಗಳು ತೆರೆದುಕೊಳ್ಳುತ್ತವೆ. ಅವರಿಗೆ ನಾನು ಋಣಿ.

ಚಳೀಲಿ ಕಿಟಕಿ ತೆಗೆದಿಡ್ತೀರಂತೆ! ಇರೋ ಬಿಸಿನೂ ಹೋಗಲ್ವಾ?

ಒಂದಿಷ್ಟು ಹೋಗುತ್ತದೆ, ಹೋಗಲಿ. ಮೇಲೆ ಹೇಳಿದ ತೇವದ ಮಾತು ಇಲ್ಲಿಗೇ ಬರುತ್ತದೆ.

ಇಬ್ಬರು ಮಲಗಿ ಉಸಿರಾಡಿದರೆ ಸಾಕು, ಬೆಳಗಾಗುವಷ್ಟರಲ್ಲಿ ಗಾಜಿನ ಮೇಲೆ ನೀರು ಇಳಿಯುತ್ತಿರುತ್ತದೆ. ಅದರ ಮೇಲೆ ಅನ್ನ ಬೇಯಿಸುತ್ತೇವೆ, ಕುಕ್ಕರ್ ಕೂಗಿಸುತ್ತೇವೆ, ಸ್ನಾನ ಮಾಡುತ್ತೇವೆ. ಗ್ಯಾಸ್ ಉರಿಯುವುದರಿಂದಲೂ ನೀರು ಹುಟ್ಟುತ್ತದೆ ಎಂಬುದು ಬಹಳ ಜನಕ್ಕೆ ಹೊಳೆದಿರುವುದಿಲ್ಲ. 1 ಕಿಲೋ ಪ್ರೊಪೇನ್ ಪೂರ್ತಿ ಉರಿದರೆ 1.6 ಕಿಲೋಗೂ ತುಸು ಹೆಚ್ಚು ನೀರಾವಿ ಬರುತ್ತದೆ, ಸಿಲಿಂಡರಿನೊಳಗಿನ ಗ್ಯಾಸಿಗಿಂತ ಅದರಿಂದ ಬರುವ ನೀರೇ ಹೆಚ್ಚು ತೂಗುತ್ತದೆ. ಈ ಎಲ್ಲ ಆವಿ ತಣ್ಣನೆಯ ಮೇಲ್ಮೈ ಹುಡುಕಿಕೊಂಡು ಹೋಗುತ್ತದೆ. ಕಿಟಕಿಯ ಲೋಹದ ಚೌಕಟ್ಟು, ಬೀರುವಿನ ಹಿಂಬದಿ, ಹಾಸಿಗೆಯ ಅಡಿಭಾಗ. ಗಾಜಿನದನ್ನು ಒರೆಸಬಹುದು. ಹಾಸಿಗೆ ಕೆಳಗಿನದು ಕಣ್ಣಿಗೆ ಬೀಳುವುದಿಲ್ಲ, ಕರಿ ಬೂಷ್ಟು ಹಿಡಿದ ಮೇಲೇ ತಿಳಿಯುವುದು.

ಹಾಗಾಗಿ ಮಾಡಿನ ಮೇಲಿನ ಅಣಬೆಯಾಕಾರದ ಗಾಳಿಕಿಂಡಿಗಳು ನಮ್ಮಲ್ಲಿ ವರ್ಷವಿಡೀ ತೆರೆದೇ ಇರುತ್ತವೆ. ಅಡುಗೆ ಮಾಡುವಾಗ ಕಿಟಕಿ ತೆರೆಯುತ್ತೇವೆ. ಹೊರಗಿನ ತಣ್ಣನೆಯ ಗಾಳಿಯಲ್ಲಿ ನೀರಾವಿ ಕಡಿಮೆ. ಅದನ್ನು ಒಳಗೆ ಬಿಟ್ಟುಕೊಂಡು ಒಲೆಯಿಂದ ಕಾಯಿಸಿದರೆ ಅದು ತೇವ ಹೀರಿಕೊಂಡು ಕಿಂಡಿಯಿಂದ ಹೊರಟುಹೋಗುತ್ತದೆ. ಹಾಸಿಗೆ ಕೆಳಗೆ ಹಲಗೆಯ ಬದಲು ಸಂದಿಬಿಟ್ಟ ಪಟ್ಟಿಗಳು, ಅದರ ಮೇಲೆ ಗಾಳಿಯಾಡುವ ಜಾಲರಿ. ಕಿಟಕಿಗಳ ಒಳಮೈಗೆ ಅಯಸ್ಕಾಂತದ ಪಟ್ಟಿಯಿಂದ ಅಂಟಿಸುವ ಅಕ್ರಿಲಿಕ್ ಹಾಳೆ. ಬಟ್ಟೆ ಒಗೆದು ಒಳಗೆ ಒಣಹಾಕುವುದಿಲ್ಲ, ಊರಿನ ಲಾಂಡ್ರಿಗೆ ಹೋಗುತ್ತೇವೆ. ಇಷ್ಟು ಮಾಡಿದರೆ ದೋಣಿ ಒಣಗಿರುತ್ತದೆ. ಒಣಗಿದ ದೋಣಿ 16 ಡಿಗ್ರಿಯಲ್ಲೂ ಹಿತವೆನಿಸುತ್ತದೆ, ತೇವದ ದೋಣಿ 20 ಡಿಗ್ರಿಯಲ್ಲೂ ಮೂಳೆಗೆ ಇಳಿಯುತ್ತದೆ.

ಮುಚ್ಚಿದ ದೋಣೀಲಿ ಬೆಂಕಿ ಹಾಕ್ಕೊಂಡು ಮಲಗೋದು ಅಪಾಯ ಅಲ್ವಾ?

ಹೌದು, ಅಪಾಯವೇ. ಈ ಉತ್ತರವನ್ನು ನಿಧಾನವಾಗಿ ಓದಿ.

ಗಾಳಿ ಸಾಲದೆ ಉರಿಯುವ ಯಾವುದೇ ಬೆಂಕಿ ಕಾರ್ಬನ್ ಮಾನಾಕ್ಸೈಡ್ ಹುಟ್ಟಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ತಲೆನೋವು, ವಾಕರಿಕೆ, ಮಂಪರು ಬಂದಾಗ ಜ್ವರವಿರಬೇಕು ಎಂದುಕೊಂಡು ಜನ ಮಲಗಿಬಿಡುತ್ತಾರೆ. ಹೊರಗೆ ಹೋದಾಗ ತಲೆನೋವು ಇಳಿದು, ಒಳಗೆ ಬಂದಾಗ ಮರಳಿದರೆ ಅದು ಜ್ವರವಲ್ಲ ಎಂದು ತಿಳಿಯಿರಿ.

ಮೊದಲ ಕೆಲಸ, ಅಲಾರಂ. ವಸತಿ ಇರುವ ದೋಣಿಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ 2019ರ ಏಪ್ರಿಲ್‌ನಿಂದ ಕಡ್ಡಾಯ. ನಾಲ್ಕು ವರ್ಷಕ್ಕೊಮ್ಮೆ ಪಡೆಯಬೇಕಾದ ಬೋಟ್ ಸೇಫ್ಟಿ ಪ್ರಮಾಣಪತ್ರಕ್ಕೆ ಅದನ್ನು ಪರೀಕ್ಷಿಸುತ್ತಾರೆ. ಒಲೆ ಇರುವ ಕಡೆ ಒಂದು, ಮಲಗುವ ಕಡೆ ಇನ್ನೊಂದು ಇಡಿ. ಗುಂಡಿ ಒತ್ತಿ ಆಗಾಗ ಪರೀಕ್ಷಿಸಿ. ಅದರ ಆಯಸ್ಸು ಮುಗಿಯುವ ವರ್ಷ ಹಿಂಭಾಗದಲ್ಲಿ ಬರೆದಿರುತ್ತದೆ.

ಎರಡನೆಯದು, ಕಿಂಡಿ. ಚಳಿ ಬರುತ್ತದೆಂದು ಗಾಳಿಕಿಂಡಿಗೆ ಬಟ್ಟೆ ತುರುಕುವುದು, ಟೇಪ್ ಅಂಟಿಸುವುದು ನಾನು ಕಣ್ಣಾರೆ ಕಂಡಿದ್ದೇನೆ. ಎಷ್ಟೇ ಚಳಿಯಿರಲಿ ಹಾಗೆ ಮಾಡಬೇಡಿ. ಬೆಂಕಿಗೂ ನಿಮಗೂ ಒಂದೇ ಗಾಳಿ.

ಮೂರನೆಯದು, ಒಲೆಯ ಮೈ. ಒಲೆಯ ಬಾಗಿಲ ಸುತ್ತ ಸಂದಿ ಮುಚ್ಚುವ ಹಗ್ಗ ಸವೆದಿದ್ದರೆ, ಗಾಜು ಬಿರಿದಿದ್ದರೆ, ಚಿಮಣಿಯ ಕೀಲು ಸಡಿಲವಿದ್ದರೆ ಬೆಂಕಿ ಹಾಕುವ ಮುಂಚೆ ಸರಿಪಡಿಸಿ. ಚಳಿಗಾಲಕ್ಕೆ ಮೊದಲೊಮ್ಮೆ ಚಿಮಣಿ ಗುಡಿಸಲೇಬೇಕು, ನಡುವೆ ಇನ್ನೊಮ್ಮೆ ಗುಡಿಸಿದರೆ ಒಳ್ಳೆಯದು.

ಬೂದಿಯ ವಿಷಯವನ್ನೂ ಸೇರಿಸಬೇಕು. ತಣ್ಣಗಾದಂತೆ ಕಾಣುವ ಬೂದಿಯಲ್ಲಿ ಕೆಂಡ ಬಹಳ ಹೊತ್ತು ಜೀವ ಹಿಡಿದಿರುತ್ತದೆ, ಅದೂ ಈ ವಿಷಾನಿಲ ಬಿಡುತ್ತದೆ. ಬೂದಿ ತುಂಬಿದ ಬಕೆಟ್ ಒಳಗಿಡಬಾರದು. ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹೊರಗಿಡಿ. ಬಾರ್ಬೆಕ್ಯೂ ಕೆಂಡವನ್ನು ಮೈ ಕಾಯಿಸಲು ಒಳಗೆ ತರುವುದು, ಜನರೇಟರನ್ನು ಬಾಗಿಲ ಬಳಿ ಓಡಿಸುವುದು ಎರಡೂ ಸಾವಿನ ದಾರಿಗಳು. ಅಲಾರಂ ಕೂಗಿದರೆ ಎಲ್ಲರನ್ನೂ ಹೊರಗೆ ಕರೆತನ್ನಿ, ಆಮೇಲೆ ಇಲ್ಲಿನ ತುರ್ತು ಸಹಾಯದ ಸಂಖ್ಯೆ 999ಕ್ಕೆ ಕರೆ ಮಾಡಿ.

ಗ್ಯಾಸ್ ಸಿಲಿಂಡರ್ ಚಳೀಲಿ ಕೆಲಸ ಮಾಡಲ್ಲ ಅಂತಾರೆ, ನಿಜವಾ?

ಸಿಲಿಂಡರಿನಲ್ಲಿರುವ ಗ್ಯಾಸ್ ಬ್ಯೂಟೇನ್ ಆದರೆ ನಿಜ. ಅದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ, ಹಾಗಾಗಿ ದೋಣಿಗೆ ಅದೇ ಸರಿ.

ಕರೆಂಟ್ ಎಲ್ಲಿಂದ? ಮೇಲೆ ಸೋಲಾರ್ ಇದೆಯಲ್ಲ.

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ಸಾಕು. ಡಿಸೆಂಬರಿನ ಲೆಕ್ಕ ಬೇರೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ನಡುಮಧ್ಯಾಹ್ನವೂ ಲಂಡನ್ ಆಕಾಶದಲ್ಲಿ ಸೂರ್ಯ ಸುಮಾರು 15 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಅದೇ ದಿನ ಬೆಂಗಳೂರಿನ ನಡುಮಧ್ಯಾಹ್ನ 53 ಡಿಗ್ರಿ ದಾಟಿರುತ್ತಾನೆ. ಮೋಡ, ಮರದ ನೆರಳು, ಹಲಗೆಯ ಮೇಲಿನ ಹಿಮ ಎಲ್ಲ ಸೇರಿದರೆ ಫೋನ್ ಚಾರ್ಜ್ ಆಗುವುದೇ ಹೆಚ್ಚು.

ಆಗ ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸುತ್ತೇವೆ, ಜೊತೆಗೆ ಸ್ನಾನದ ನೀರೂ ಕಾಯುತ್ತದೆ. ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಬೇರೆಯವರ ಪಕ್ಕದಲ್ಲಿ ನಿಂತಾಗ ಎಂಜಿನ್ ಓಡಿಸುವಂತಿಲ್ಲ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ ಹಾಗೇ ಬಿಟ್ಟರೆ ಒಂದೇ ಚಳಿಗಾಲದಲ್ಲಿ ಹಾಳಾಗುತ್ತದೆ. ಲಿಥಿಯಂ ಬ್ಯಾಟರಿಗೆ ಆ ತೊಂದರೆ ಇಲ್ಲ, ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ತಣ್ಣನೆಯ ಎಂಜಿನ್ ಕೋಣೆಗಿಂತ ಒಳಗಿನ ಬೆಚ್ಚನೆಯ ಜಾಗ ಅದಕ್ಕೆ ವಾಸಿ.

ನೀರಿನ ಮೇಲಿದ್ದೂ ನೀರಿಗೆ ಬರ ಬರುತ್ತಾ?

ಚಳಿಗಾಲದಲ್ಲಿ ಬರಬಹುದು. ಕುಡಿಯುವ ನೀರನ್ನು ಕಾಲುವೆ ಬದಿಯ ನಲ್ಲಿಗಳಿಂದ ಪೈಪ್ ಹಾಕಿ ಟ್ಯಾಂಕ್‌ಗೆ ತುಂಬಿಸಿಕೊಳ್ಳುತ್ತೇವೆ. ಕೊರೆವ ವಾರದಲ್ಲಿ ಆ ನಲ್ಲಿಗಳೇ ಹೆಪ್ಪುಗಟ್ಟುತ್ತವೆ. ಮುನ್ಸೂಚನೆ ನೋಡಿ ಮೊದಲೇ ಟ್ಯಾಂಕ್ ತುಂಬಿಸುವುದು, ಕ್ಯಾನ್‌ಗಳಲ್ಲಿ ಒಂದಿಷ್ಟು ಒಳಗಿಡುವುದು ರೂಢಿ. ಕೆಲವು ದಿನ ದೋಣಿ ಬಿಟ್ಟು ಹೋಗುವುದಾದರೆ ಪಂಪ್ ಆರಿಸಿ, ಕೊಳವೆಗಳ ನೀರು ಇಳಿಸಿ, ನಲ್ಲಿಗಳನ್ನು ತೆರೆದಿಟ್ಟು ಹೋಗಿ. ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ತಾಮ್ರದ ಕೊಳವೆಯೂ ಸೀಳುತ್ತದೆ. ಎಂಜಿನ್ನಿನ ತಂಪುನೀರಿಗೆ ಆಂಟಿಫ್ರೀಜ್ ಹಾಕಿದೆಯೇ ಎಂದು ಅಕ್ಟೋಬರಿನಲ್ಲೇ ನೋಡಿ.

## ಕಾಲುವೆ ಹೆಪ್ಪುಗಟ್ಟಿದಾಗ

ಸುತ್ತ ಐಸ್ ಕಟ್ಟಿದ್ರೆ ದೋಣಿ ಒಡೆದು ಹೋಗಲ್ವಾ?

ಉಕ್ಕಿನ ದೋಣಿಗೆ ಆ ಭಯವಿಲ್ಲ. ಈಚಿನ ದೋಣಿಗಳ ತಳ ಸಾಮಾನ್ಯವಾಗಿ 10 ಮಿಲಿಮೀಟರ್, ಪಕ್ಕ 6 ಮಿಲಿಮೀಟರ್ ದಪ್ಪ. ಹೆಪ್ಪುಗಟ್ಟಿದ ರಾತ್ರಿ ದೋಣಿ ತೂಗುವುದು ನಿಂತು, ಆಗಾಗ ಲಟಲಟ ಸದ್ದು ಕೇಳುತ್ತದೆ, ಅಷ್ಟೇ. ಮರದ ಮತ್ತು ಫೈಬರ್ ದೋಣಿಗಳ ಕಥೆ ಬೇರೆ. ಮಂಜುಗಡ್ಡೆಯ ಅಂಚು ಅವುಗಳ ಮೈಯನ್ನು ಗರಗಸದ ಹಾಗೆ ಕೊಯ್ಯಬಲ್ಲದು.

ಹಾಗಾದ್ರೆ ಐಸ್ ಒಡ್ಕೊಂಡು ಹೋಗಬಹುದಲ್ಲ?

ಐಸ್ ತೆಳ್ಳಗಿದ್ದರೆ ದೋಣಿ ಅದನ್ನು ಒಡೆಯುತ್ತದೆ, ಆದರೂ ಹೋಗಬೇಡಿ. ನೀರಿನ ಮಟ್ಟದಲ್ಲಿ ತುಕ್ಕು ತಡೆಯಲು ಬಳಿದ ಕಪ್ಪು ಬಣ್ಣವನ್ನು ಮಂಜುಗಡ್ಡೆ ಕೆರೆದುಬಿಡುತ್ತದೆ. ಅದಕ್ಕಿಂತ ಮುಖ್ಯ, ನೀವು ತಳ್ಳಿದ ಮಂಜುಗಡ್ಡೆಯ ತುಂಡುಗಳು ದಡದಲ್ಲಿ ನಿಂತ ಫೈಬರ್ ದೋಣಿಯ ಮೈಗೆ ಹೋಗಿ ಬಡಿಯುತ್ತವೆ. ಅದರೊಳಗೆ ಯಾರದೋ ಸಂಸಾರವಿದೆ. ಇಂಧನದ ದೋಣಿ ಬಂದರೆ ಮಾತು ಬೇರೆ, ಅದರ ದಾರಿಯನ್ನು ಎಲ್ಲರೂ ಕಾಯುತ್ತಿರುತ್ತಾರೆ.

ಹಿಂದಿನ ಕಾಲದ ಸರಕು ದೋಣಿಯವರು ಚಳಿಗಾಲ ಹೇಗೆ ಕಳೀತಿದ್ರು?

ನಮ್ಮ 57 ಅಡಿಯನ್ನು ಚಿಕ್ಕದೆನ್ನುವವರಿಗೆ ನಾನು ಅವರ ಕಥೆ ಹೇಳುತ್ತೇನೆ. ಸರಕಿನ ದೋಣಿಯಲ್ಲಿ ಜಾಗವೆಲ್ಲ ಕಲ್ಲಿದ್ದಲಿಗೆ, ಕಾಳಿಗೆ, ಇಟ್ಟಿಗೆಗೆ ಮೀಸಲು. ಗಂಡ ಹೆಂಡತಿ ಮಕ್ಕಳು ಹಿಂಭಾಗದ ಸುಮಾರು 10 ಅಡಿಯ ಗೂಡಿನಲ್ಲಿ ಬಾಳಬೇಕಿತ್ತು. ಒಂದು ಕಬ್ಬಿಣದ ಒಲೆ, ರಾತ್ರಿ ಬಿಚ್ಚಿ ಹಾಸುವ ಹಲಗೆ ಮಂಚ, ಮಡಚುವ ಮೇಜು. ಜನದಟ್ಟಣೆ ಎಷ್ಟಿತ್ತೆಂದರೆ 1877ರಲ್ಲಿ ಕಾಯ್ದೆ ತಂದು, ಪ್ರತಿ ದೋಣಿಯನ್ನು ವಾಸದ ಮನೆಯಾಗಿ ನೋಂದಾಯಿಸಿ, ಎಷ್ಟು ಜನ ಇರಬಹುದೆಂದು ಮಿತಿ ಹಾಕಬೇಕಾಯಿತು.

ಅವರಿಗೆ ಸರಕು ತಲುಪಿಸಿದರೆ ಮಾತ್ರ ಕೂಲಿ. ಮಂಜು ಕಟ್ಟಿದರೆ ದೋಣಿಯೂ ನಿಲ್ಲುತ್ತಿತ್ತು, ಅನ್ನವೂ ನಿಲ್ಲುತ್ತಿತ್ತು. ಅದಕ್ಕಾಗಿ ಕಾಲುವೆ ಕಂಪನಿಗಳು ಮಂಜು ಒಡೆಯುವ ದೋಣಿಗಳನ್ನಿಟ್ಟಿದ್ದವು. ಗಟ್ಟಿ ಮೈಯ ಚಿಕ್ಕ ದೋಣಿ, ನಡುವೆ ಉದ್ದಕ್ಕೆ ಒಂದು ಕಂಬಿ. ದಡದಲ್ಲಿ ಸಾಲು ಕುದುರೆಗಳು ಎಳೆಯುತ್ತಿದ್ದರೆ, ಮೇಲೆ ಸಾಲಾಗಿ ನಿಂತ ಗಂಡಸರು ಕಂಬಿ ಹಿಡಿದು ದೋಣಿಯನ್ನು ಎಡಕ್ಕೂ ಬಲಕ್ಕೂ ವಾಲಾಡಿಸುತ್ತಾ ಮಂಜನ್ನು ಮುರಿಯುತ್ತಿದ್ದರು.

1962ರ ಕ್ರಿಸ್ಮಸ್ ಮಾರನೆಯ ದಿನ ಶುರುವಾದ ಹಿಮ ಮಾರ್ಚ್ ಮೊದಲ ವಾರದವರೆಗೂ ಬಿಡಲಿಲ್ಲ. ಮಧ್ಯ ಇಂಗ್ಲೆಂಡಿನಲ್ಲಿ 1814ರ ನಂತರದ ಅತಿ ಚಳಿಯ ತಿಂಗಳು 1963ರ ಜನವರಿ. ಕಾಲುವೆಗಳು ವಾರಗಟ್ಟಲೆ ಬಿಗಿದುಕೊಂಡವು, ದೋಣಿ ಕುಟುಂಬಗಳು ಇದ್ದಲ್ಲೇ ಸಿಕ್ಕಿಬಿದ್ದವು. ಅಷ್ಟರಲ್ಲಿ ಅವರ ಸರಕು ಲಾರಿಗಳಿಗೆ ಹೋಯಿತು. ರೈಲು ಮತ್ತು ರಸ್ತೆ ಎಷ್ಟೋ ದಶಕಗಳಿಂದ ಕಾಲುವೆಯ ವ್ಯಾಪಾರವನ್ನು ತಿನ್ನುತ್ತಿದ್ದವು, ಆ ಚಳಿಗಾಲ ಕೊನೆಯ ಪೆಟ್ಟು ಕೊಟ್ಟಿತು. ಆ ಜನವರಿ 1ರಂದು ತಾನೇ ಹುಟ್ಟಿದ್ದ ಬ್ರಿಟಿಷ್ ವಾಟರ್‌ವೇಸ್ ಬೋರ್ಡ್ ಅದೇ ವರ್ಷ ತನ್ನ ನ್ಯಾರೋಬೋಟ್ ಸಾಗಣೆಯ ಬಹುಪಾಲನ್ನು ನಿಲ್ಲಿಸಿತು. ತಲೆಮಾರುಗಳಿಂದ ನೀರಿನ ಮೇಲಿದ್ದ ಮನೆತನಗಳು ದಡಕ್ಕಿಳಿದವು. ನಮಗೆ ಮಂಜು ಕಟ್ಟಿದ ವಾರ ಎಂದರೆ ಪುಸ್ತಕ ಓದುವ ವಾರ. ಅವರಿಗೆ ಅದು ಏನಾಗಿತ್ತು ಎಂಬುದನ್ನು ನೆನೆಯದೆ ನನಗೆ ಇರಲಾಗುವುದಿಲ್ಲ.

ಜಾರಿ ನೀರಿಗೆ ಬಿದ್ರೆ? ನನಗೆ ಈಜು ಬರುತ್ತೆ.

ಈಜು ಬರುವುದು ಒಳ್ಳೆಯದು, ಆದರೆ ಆ ತಣ್ಣೀರಿನಲ್ಲಿ ಮೊದಲ ಒಂದೆರಡು ನಿಮಿಷ ಅದು ಕೆಲಸಕ್ಕೆ ಬರುವುದಿಲ್ಲ. ಮೈಗೆ ತಣ್ಣೀರು ತಗುಲಿದ ಕೂಡಲೇ ಉಸಿರು ತನ್ನಷ್ಟಕ್ಕೆ ಜೋರಾಗಿ ಒಳಗೆಳೆಯುತ್ತದೆ, ಆಗ ಬಾಯಿ ನೀರೊಳಗಿದ್ದರೆ ಮುಳುಗುವುದು ಅಲ್ಲೇ. ಇಲ್ಲಿನ ಜೀವರಕ್ಷಕರು ಹೇಳಿಕೊಡುವುದು ಒಂದೇ: ಒದ್ದಾಡಬೇಡಿ, ತಲೆ ಹಿಂದಕ್ಕೆ ಚೆಲ್ಲಿ ತೇಲಿ, ಉಸಿರು ಹಿಡಿತಕ್ಕೆ ಬಂದ ಮೇಲೆ ಕೂಗಿ ಅಥವಾ ದಡ ಸೇರಿ. ಬಹುಪಾಲು ಕಾಲುವೆಗಳಲ್ಲಿ ಎದ್ದು ನಿಲ್ಲುವಷ್ಟೇ ಆಳ, ಲಾಕ್‌ಗಳಲ್ಲಿ ಮತ್ತು ನದಿಗಳಲ್ಲಿ ಹಾಗಲ್ಲ.

ದೋಣಿಯ ಪಕ್ಕದ ಕಿರಿದಾದ ಅಂಚು, ಲಾಕ್ ಬಾಗಿಲ ಮೇಲಿನ ಹಲಗೆ ಎರಡೂ ಇಬ್ಬನಿ ಹೆಪ್ಪುಗಟ್ಟಿದಾಗ ಗಾಜಾಗುತ್ತವೆ. ಕತ್ತಲಲ್ಲಿ ಒಬ್ಬರೇ ಲಾಕ್ ದಾಟಬೇಡಿ. ಜೀವರಕ್ಷಕ ಜಾಕೆಟ್ ಹಾಕಿಕೊಳ್ಳಿ. ಮಂಜಿನ ಮೇಲೆ ಎಂದೂ ಕಾಲಿಡಬೇಡಿ, ನಾಯಿ ಓಡಿಹೋದರೂ ಹಿಂದೆ ಇಳಿಯಬೇಡಿ.

ನದೀಲಿ ಪ್ರವಾಹ ಬಂದ್ರೆ?

ಕೆನ್ನೆಟ್ ಅಂಡ್ ಏವನ್‌ನಂಥ ಕಾಲುವೆಗಳ ಕೆಲವು ಭಾಗ ನಿಜವಾದ ನದಿಯೇ. ಚಳಿಗಾಲದ ಮಳೆಗೆ ಅವು ಒಂದೇ ರಾತ್ರಿಯಲ್ಲಿ ಏರುತ್ತವೆ. ಥೇಮ್ಸ್‌ನಲ್ಲಿ ಸೆಳೆತ ಹೆಚ್ಚಾದಾಗ ಲಾಕ್‌ಗಳ ಬಳಿ ಕೆಂಪು ಫಲಕ ಹಾಕುತ್ತಾರೆ, ಅದನ್ನು ಕಂಡರೆ ಹೊರಡಬಾರದು. ನದಿಯಲ್ಲಿ ಕಟ್ಟಿದ ಹಗ್ಗವನ್ನು ನೀರು ಏರಿದಂತೆ ಸಡಿಲಿಸುತ್ತಿರಬೇಕು, ಬಿಗಿಯಾಗಿದ್ದರೆ ದೋಣಿ ಒಂದು ಪಕ್ಕಕ್ಕೆ ವಾಲುತ್ತದೆ. ನಾವು ನವೆಂಬರ್ ಬರುವ ಮುಂಚೆಯೇ ನದಿ ಬಿಟ್ಟು ಕಾಲುವೆ ಸೇರುತ್ತೇವೆ.

ಲಾಕ್ ರಿಪೇರಿ ಅಂತ ದಾರಿ ಮುಚ್ತಾರಂತೆ?

ನವೆಂಬರ್‌ನಿಂದ ಮಾರ್ಚ್‌ವರೆಗೆ. ಓಡಾಟ ಕಡಿಮೆ ಇರುವುದರಿಂದ ದೊಡ್ಡ ರಿಪೇರಿಗಳೆಲ್ಲ ಆಗಲೇ. ಪಟ್ಟಿ ಮೊದಲೇ ಪ್ರಕಟವಾಗುತ್ತದೆ. ನಿಮ್ಮ ಕೆಲಸದ ಊರು, ನೀರಿನ ನಲ್ಲಿ, ಕಕ್ಕಸು ಖಾಲಿ ಮಾಡುವ ಜಾಗ ಎಲ್ಲವೂ ಮುಚ್ಚಿದ ಲಾಕ್‌ನ ಒಂದೇ ಬದಿಗೆ ಬರುವಂತೆ ಯೋಚಿಸಿ ನಿಲ್ಲಿ. ಕೆಲವೆಡೆ ನೀರು ಖಾಲಿ ಮಾಡಿದ ಲಾಕ್ ಒಳಗೆ ಸಾರ್ವಜನಿಕರನ್ನು ಬಿಡುತ್ತಾರೆ. ಇನ್ನೂರು ವರ್ಷದ ಇಟ್ಟಿಗೆ ಗೋಡೆಯನ್ನು ಬುಡದಿಂದ ನೋಡುವ ಅವಕಾಶ ಸಿಕ್ಕರೆ ತಪ್ಪಿಸಿಕೊಳ್ಳಬೇಡಿ.

## ಬರಬೇಕೆನ್ನುವವರಿಗೆ

ಮೂರೂವರೆಗೇ ಕತ್ತಲಾಗುತ್ತಲ್ಲ, ಬೇಜಾರಾಗಲ್ವಾ?

ನಾಲ್ಕಕ್ಕೆ. ಲಂಡನ್‌ನಲ್ಲಿ ವರ್ಷದ ಅತಿ ಚಿಕ್ಕ ಹಗಲು 8 ಗಂಟೆಗೂ ತುಸು ಕಡಿಮೆ. ನಮ್ಮ ಕಡೆಯ ಅತಿ ಚಿಕ್ಕ ಹಗಲೇ 11 ಗಂಟೆಗೆ ಮಿಗಿಲು, ಹಾಗಾಗಿ ದಕ್ಷಿಣದಿಂದ ಬಂದವರ ಮೈಗೆ ಇದು ಹೊಸದು. ಬೇಜಾರಾಗುತ್ತದೆ, ಮುಖ್ಯವಾಗಿ ಒಬ್ಬರೇ ಇರುವವರಿಗೆ. ಬೆಳಕಿರುವಾಗ ಹೊರಗೆ ನಡೆಯುವುದನ್ನು ಔಷಧಿ ತೆಗೆದುಕೊಂಡಷ್ಟೇ ನಿಷ್ಠೆಯಿಂದ ಮಾಡಿ. ನೆರೆಯ ದೋಣಿಯ ಚಿಮಣಿಯಲ್ಲಿ ಹೊಗೆ ಕಾಣದಿದ್ದರೆ ಹೋಗಿ ಬಾಗಿಲು ತಟ್ಟಿ. ಇಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ, ನಮ್ಮ ಬಾಗಿಲನ್ನೂ ತಟ್ಟಿದ್ದಾರೆ.

ನಾನೂ ಇಲ್ಲೇ ಕೆಲಸದಲ್ಲಿದ್ದೀನಿ ಸಾರ್. ಅಡ್ರೆಸ್ ಇಲ್ಲದೆ ಬದುಕೋಕಾಗುತ್ತಾ?

ಆಗುತ್ತದೆ, ಓಡಾಟ ಜಾಸ್ತಿ. ಡಾಕ್ಟರ ಬಳಿ ನೋಂದಾಯಿಸಲು ವಿಳಾಸದ ಪುರಾವೆ ಬೇಕಿಲ್ಲ. ಗೊತ್ತಿಲ್ಲದ ಸಿಬ್ಬಂದಿ ಬೇಕೆಂದರೆ ತಾಳ್ಮೆಯಿಂದ ಹೇಳಿ, ಅದು ನಿಮ್ಮ ಹಕ್ಕು. ಬ್ಯಾಂಕು, ವಿಮೆ, ಡ್ರೈವಿಂಗ್ ಲೈಸೆನ್ಸ್‌ಗೆ ವಿಳಾಸ ಬೇಕು. ಹೆಚ್ಚಿನವರು ನೆಂಟರದೋ ಗೆಳೆಯರದೋ ಮನೆಯ ವಿಳಾಸವನ್ನು ಅವರ ಒಪ್ಪಿಗೆಯಿಂದ ಕೊಡುತ್ತಾರೆ. ಇದನ್ನು ದೋಣಿ ಕೊಳ್ಳುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ದೋಣಿಗೆ ಲೈಸೆನ್ಸ್, ವಿಮೆ, ಸೇಫ್ಟಿ ಪ್ರಮಾಣಪತ್ರ ಮೂರೂ ಬೇಕು.

ದೋಣಿ ನೋಡೋಕೆ ಯಾವಾಗ ಹೋಗಲಿ? ಏನೇನು ನೋಡಲಿ?

ಜನವರಿಯಲ್ಲಿ ಹೋಗಿ. ಜೂನ್ ತಿಂಗಳಲ್ಲಿ ಎಲ್ಲ ದೋಣಿಗಳೂ ಚೆಂದವಾಗಿಯೇ ಕಾಣುತ್ತವೆ.

ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಬರುವ ವಾಸನೆ ಗಮನಿಸಿ. ಮಾಲೀಕರ ಅನುಮತಿ ಕೇಳಿ ಹಾಸಿಗೆ ಎತ್ತಿ ಅಡಿಭಾಗ ನೋಡಿ, ಬೀರುವಿನ ಹಿಂದೆ ಕೈಯಾಡಿಸಿ, ಕಿಟಕಿಗಳ ಕೆಳಗಿನ ಮರ ಮೆತ್ತಗಾಗಿದೆಯೇ ಒತ್ತಿ ನೋಡಿ. ನೆಲದ ಹಲಗೆಯಲ್ಲೊಂದು ತಪಾಸಣೆಯ ಕಿಂಡಿ ಇರುತ್ತದೆ, ಅದರ ಕೆಳಗೆ ನೀರು ನಿಂತಿರಬಾರದು. ಒಲೆ ಹತ್ತಿಸಲು ಹೇಳಿ, ಹೊಗೆ ಚಿಮಣಿಯಲ್ಲೇ ಹೋಗುತ್ತದೆಯೇ, ಬಾಗಿಲ ಅಂಚಿನಿಂದಲೂ ಬರುತ್ತದೆಯೇ ನೋಡಿ. ಗಾಳಿಕಿಂಡಿಗಳನ್ನು ಎಣಿಸಿ, ಯಾವುದಕ್ಕಾದರೂ ಬಟ್ಟೆ ತುರುಕಿದ್ದರೆ ಆ ದೋಣಿಯಲ್ಲಿ ತೇವ ಇದ್ದೇ ಇರುತ್ತದೆ. ಕಪ್ಪು ಬಣ್ಣ ಕಡೆಯ ಸಲ ಬಳಿದದ್ದು ಯಾವ ವರ್ಷ ಎಂದು ಕೇಳಿ. ಎರಡು ಮೂರು ವರ್ಷಕ್ಕೊಮ್ಮೆ ಬಳಿಯಬೇಕು. ಇಷ್ಟೆಲ್ಲ ಒಪ್ಪಿಗೆಯಾದರೆ ದೋಣಿಯನ್ನು ನೀರಿನಿಂದ ಮೇಲೆತ್ತಿಸಿ, ಸ್ವತಂತ್ರ ಸರ್ವೇಯರ್ ಒಬ್ಬರಿಂದ ಉಕ್ಕಿನ ದಪ್ಪ ಅಳೆಸಿ. ಸರ್ವೇಯರನ್ನು ಆರಿಸುವುದು ನೀವೇ ಆಗಿರಬೇಕು, ಮಾರುವವರು ತೋರಿಸಿದವರು ಬೇಡ. ಆ ವರದಿ ಕೈಗೆ ಬಂದ ಮೇಲೆ ಬೆಲೆ ಮಾತಾಡಿ.